ಹೆಬ್ಬೆಟ್ಟಿನಿಂದ ಹುಟ್ಟಿದ ಕೋಳಿಮರಿ

"ಓದಿದ್ದು ಸಾಕು ಕಣ್ರೀ ಮೇಷ್ಟ್ರೇ, ನನ್ ಮಗ್ಳ ಹೆಸ್ರು ತೆಗ್ದ್‌ಬುಡಿ" ಎನ್ನುತ್ತಾ ಮೂರನೇ ತರಗತಿಯ ಗೌರಿಯ ತಾಯಿ ಒಳಗೆ ಬಂದರು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಶೆಟ್ಟಿಕೆರೆ ಸಮೀಪದ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಅಂದು ಚಿತ್ರಕಲೆಯ ಗಂಟೆಯಲ್ಲಿ ಮಕ್ಕಳು ಕತ್ತರಿಸಿದ ಬೆಂಡೆಕಾಯಿಯನ್ನು ತಟ್ಟೆಯ ಶಾಯಿಗೆ ಅದ್ದಿ ಕಾಗದದ ಮೇಲೆ ಹೂವಿನ ಅಚ್ಚು ಒತ್ತುತ್ತಿದ್ದರು. ಎಷ್ಟು ಹೇಳಿದರೂ ತಾಯಿ ಒಪ್ಪದಿದ್ದಾಗ ಹೆಸರು ತೆಗೆಯುವ ಅರ್ಜಿ ಬರೆದುಕೊಟ್ಟೆ. ಅವರು ನಾಚಿಕೆಯಿಂದ ತಲೆತಗ್ಗಿಸಿ, ಮಕ್ಕಳ ಶಾಯಿಗೇ ಹೆಬ್ಬೆರಳು ಅದ್ದಿ ಒತ್ತಿದರು. ಅಳುತ್ತಿದ್ದ ಗೌರಿ ಹತ್ತಿರ ಬಂದು ಆ ಗುರುತಿಗೆ ಪೆನ್ಸಿಲಿನಿಂದ ಕೊಕ್ಕು, ಕಣ್ಣು, ಕಾಲು ಬರೆದಳು. ಕೋಳಿಮರಿ!

ತಾಯಿ ಅದನ್ನೇ ನೋಡುತ್ತಾ ನಿಂತರು. "ನನ್ ಹೆಬ್ಬೆಟ್ಟಲ್ಲಿ ಇದೂ ಇತ್ತೇನೇ? ಓದ್ಕೋ ಹೋಗು" ಎಂದು ಅರ್ಜಿಯನ್ನು ಮಡಚಿ ಸೆರಗಿಗೆ ಕಟ್ಟಿಕೊಂಡರು.

ಗೌರಿ ಏಳನೇ ತರಗತಿಯನ್ನೂ ನಮ್ಮಲ್ಲೇ ಮುಗಿಸಿದಳು. ಚಿತ್ರಕಲೆಯ ಗಂಟೆಯನ್ನು ನಾನು ಮತ್ತೆಂದೂ ಲೆಕ್ಕದ ಪಾಠಕ್ಕೆ ಬಿಟ್ಟುಕೊಡಲಿಲ್ಲ.