ಸೋನಟಕ್ಕಾ ಹೂವಿಗೆ ನಾನು ಕೊಟ್ಟ ಅರ್ಥ

ಆ ಸಾಲು ಸುಳ್ಳು. ಯಾವ ಗ್ರಂಥದಲ್ಲೂ ಇರಲಿಲ್ಲ, ಯಾರ ಬಾಯಿಂದಲೂ ಕೇಳಿದ್ದಲ್ಲ. ಪತ್ರಿಕೆಯ ಮೂಲೆಯಲ್ಲಿ ಉಳಿದ ಜಾಗ ತುಂಬಲು ನಾನೇ ಹುಟ್ಟಿಸಿದ್ದು. ಆ ಸಾಲಿನಿಂದ ಒಬ್ಬಳ ಮದುವೆ ಮುರಿಯಿತು. ಇಷ್ಟು ವರ್ಷ ನಾನು ಬಾಯಿ ಬಿಡಲಿಲ್ಲ.

ಅರವತ್ತರ ದಶಕದ ಆರಂಭ. ವಿಜಾಪುರದ ಒಂದು ಸಣ್ಣ ಪತ್ರಿಕೆಯಲ್ಲಿ ನಾನು ಉಪಸಂಪಾದಕ. ಸತ್ತವರ ವಯಸ್ಸನ್ನು ಕೂಡ ಇಬ್ಬರನ್ನು ಕೇಳಿಯೇ ಅಚ್ಚಿಗೆ ಕೊಡುವವನೆಂದು ಹೆಸರಿತ್ತು. ಜೋರಾಪುರ ಪೇಟೆಯಲ್ಲಿ ಬಾಡಿಗೆ ಕೋಣೆ. ಮನೆಯ ಯಜಮಾನರ ಮಗಳು ಶಾಂತಕ್ಕ ಬಚ್ಚಲ ಗೋಡೆಯ ನೆರಳಿನಲ್ಲಿ ಸೋನಟಕ್ಕಾ ಬೆಳೆಸಿದ್ದಳು. ಸುಗಂಧಿ ಎಂದೂ ಕರೆಯುತ್ತಾರೆ. ಶುಂಠಿಯಂಥ ಗಡ್ಡೆ, ಎಲೆ ಹಿಸುಕಿದರೆ ಶುಂಠಿಯದೇ ಘಮ. ನಮ್ಮ ಬಿಸಿಲಿಗೆ ಉಳಿಯುವ ಗಿಡವೇ ಅಲ್ಲ. ಅವಳು ಬಚ್ಚಲ ಕಾಲುವೆಗೆ ಕಲ್ಲಿಟ್ಟು ಸಬಕಾರದ ನೀರನ್ನು ಆಚೆ ತಿರುಗಿಸಿ, ಒಳ್ಳೆಯ ನೀರನ್ನಷ್ಟೇ ಬುಡಕ್ಕೆ ಬಿಡುತ್ತಿದ್ದಳು. ಬೇಸಿಗೆಯಲ್ಲಿ ಗಡ್ಡೆಯ ಮೇಲೆ ಜೋಳದ ಒಣದಂಟಿನ ಕಣಿಕೆ ಹೊದಿಸುತ್ತಿದ್ದಳು. ಶ್ರಾವಣದ ಸಂಜೆ ಬಿಳಿ ಹೂವು ಅರಳಿದರೆ ಓಣಿಯೆಲ್ಲ ಪರಿಮಳ. ಹೊಸ್ತಿಲು ದಾಟಿ ಹೋಗುವ ಯಾರಿಗೇ ಆಗಲಿ — ಹಾಲಿನವನಿಗೆ, ಅಂಚೆಯವನಿಗೆ, ನನಗೆ — ಒಂದು ಹೂವು ಕೊಡುತ್ತಿದ್ದಳು. ಏಕೆಂದು ನಾನು ಕೇಳಲಿಲ್ಲ. ಎಲ್ಲವನ್ನೂ ಕೇಳುವವನು — ಅದೊಂದನ್ನು ಕೇಳಲಿಲ್ಲ.

ಒಂದು ಶನಿವಾರ ಅಚ್ಚಿನ ಮೊಳೆ ಜೋಡಿಸುವ ಹಸನಸಾಬ ಕೂಗಿದ: "ಸಾಹೇಬ್ರ, ಮೂಲ್ಯಾಗ ನಾಕು ಸಾಲು ಜಾಗ ಉಳದೈತ್ರಿ. ಏನರೆ ಕೊಡ್ರಿ, ಇಲ್ಲಾಂದ್ರ ನನ್ನ ಫೋಟೋನ ಹಾಕತೀನಿ ನೋಡ್ರಿ!"

ಅವಳು ಕೊಟ್ಟ ಹೂವು ಮೇಜಿನ ಮೇಲಿತ್ತು. ನಗುತ್ತಲೇ ಗೀಚಿದೆ: 'ಹೂವಿನ ಭಾಷೆ. ಬಿಳಿ ಸುಗಂಧಿ: ಕೊಟ್ಟವಳ ಮನಸ್ಸು ಪಡೆದವನಲ್ಲಿದೆ ಎಂಬುದರ ಗುಟ್ಟಿನ ಸಂಕೇತ. ಬಲ್ಲವರು ಹಿಂದಿನಿಂದಲೂ ಹೀಗೆ ಹೇಳುತ್ತಾರೆ.'

ಬಲ್ಲವರು!

ಮುಂದಿನ ವಾರ ಬಬಲೇಶ್ವರದಿಂದ ಬೀಗರು ಮುಹೂರ್ತ ಗೊತ್ತುಮಾಡಲು ಬಂದಿದ್ದರು. ಶಾಂತಕ್ಕನಿಗೆ ಆ ಮನೆಯ ಹುಡುಗನೊಡನೆ ನಿಶ್ಚಯವಾಗಿತ್ತು. ಸಂಜೆ ನಾನು ಕೆಲಸಕ್ಕೆ ಹೊರಟೆ. ಅವಳು ಎಂದಿನಂತೆ ಹೂವು ಕೊಟ್ಟಳು, ನಾನು ತೆಗೆದುಕೊಂಡೆ. ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ ಹುಡುಗನ ಸೋದರಮಾವ ಬಶಿ ಕೆಳಗಿಟ್ಟ.

"ತಮ್ಮಾ, ಇಲ್ಲಿ ಬಾ. ಪೇಪರದಾಂವ ಅಲ್ಲೇನು ನೀ?"

"ಹೌದ್ರಿ."

"ಈ ಹೂವಿಂದು ಏನೋ ಬರದಿದ್ರಿ. ಸಂತ್ಯಾಗ ಮಂದಿ ಕುಂತು ಓದಿ ನಕ್ಕಾರ. ಅದು ಖರೆ ಏನು, ಸುಳ್ಳೋ?"

ಶಾಂತಕ್ಕ ಬಾಗಿಲ ಬಳಿಯೇ ನಿಂತಿದ್ದಳು. ಅವಳ ತಂದೆಯೂ ನನ್ನನ್ನೇ ನೋಡುತ್ತಿದ್ದರು. ಸುಳ್ಳು ಎಂಬ ಒಂದು ಮಾತು ಸಾಕಿತ್ತು. ಆದರೆ ನನಗೆ ಕಂಡದ್ದು ಪತ್ರಿಕೆಯ ಮಾನ, ನನ್ನ ಹೆಸರು, ಬಹುಶಃ ನನ್ನ ಕೆಲಸ —

"ನಮ್ಮ ಪೇಪರದಾಗ ಸುಳ್ಳು ಬರಂಗಿಲ್ರಿ," ಎಂದೆ.

ಹೇಳಿದ ಮೇಲೆ ಗೊತ್ತಾಯಿತು ಏನು ಹೇಳಿದೆನೆಂದು. ಹೂವು ಇನ್ನೂ ನನ್ನ ಕೈಯಲ್ಲೇ ಇತ್ತು. ಸೋದರಮಾವ ಎದ್ದು ಚಪ್ಪಲಿ ಮೆಟ್ಟಿದ. "ನಡೀರಿ. ಹುಡುಗಿ ಮನಸು ಎಲ್ಲೈತಿ ಅನ್ನೂದು ಕಣ್ಣಾರೆ ಕಂಡಂಗಾತು." ಯಾರೂ ಅವನನ್ನು ತಡೆಯಲಿಲ್ಲ. ನಾನೂ — ನಾನಂತೂ ತಡೆಯಲೇ ಇಲ್ಲ. ಸಂಬಂಧ ಮುರಿಯಿತು. ನಾನು ಬೇರೆ ಕಡೆ ಕೋಣೆ ಹಿಡಿದೆ.

ಕೆಲವು ವರ್ಷಗಳ ನಂತರ ಹೊನವಾಡಕ್ಕೆ ಸುದ್ದಿಗೆಂದು ಹೊರಟಿದ್ದೆ. ಬಸ್ಸು ಟಿಕೋಟಾದಲ್ಲಿ ನಿಂತಾಗ ಆ ಪರಿಮಳ ಬಂತು. ಇಳಿದು ಹೋದೆ. ನಿಲ್ದಾಣದ ಹಿಂದಿನ ಮನೆ. ಬಚ್ಚಲ ಪಕ್ಕ ಸೋನಟಕ್ಕಾ ದಟ್ಟವಾಗಿ ಬೆಳೆದಿತ್ತು, ಕಾಲುವೆಗೆ ಅದೇ ರೀತಿ ಕಲ್ಲು. ಅಲ್ಲಿ ಶಾಲೆಯ ಶಿಕ್ಷಕಿಯಾಗಿದ್ದಳು ಶಾಂತಕ್ಕ, ಒಬ್ಬಳೇ. ನಿನ್ನೆಯ ಹೂವುಗಳು ಗಿಡದಲ್ಲೇ ಕಂದಿ ಜೋತಿದ್ದವು. ಒಂದನ್ನೂ ಕಿತ್ತಿರಲಿಲ್ಲ.

"ಹೂ ಹರಿಯಂಗಿಲ್ಲೇನ್ರಿ, ಅಕ್ಕಾರ?"

"ಹರದು ಯಾರಿಗೆ ಕೊಡ್ಲಿರಿ? ಬಚ್ಚಲ ನೀರಿನ ಹೂವು, ದೇವರಿಗೆ ನಡಿಯಂಗಿಲ್ಲ. ದೇವರಿಗೆ ಬ್ಯಾಡಾದದ್ದು ಮನಿಗೆ ಬಂದವರ ಪಾಲು ಅಂತ ನಮ್ಮವ್ವ ಎಲ್ಲಾರಿಗೂ ಕೊಡತಿದ್ಲು. ನಾನೂ ಹಂಗ ಕೊಟ್ಟೆ. ಅದಕ್ಕ ಬ್ಯಾರೆ ಅರ್ಥ ಐತಿ ಅಂತ ನನಗೇನು ಗೊತ್ತಿತ್ರಿ? ಪೇಪರದಾಗ ಬಂದ ಮ್ಯಾಲ ತಿಳೀತು." ಕಾಲುವೆಯ ಕಲ್ಲನ್ನು ಸರಿಯಾಗಿ ಕೂರಿಸಿದಳು. "ತಿಳೀಲಾರದ ಹೂ ಕೊಟ್ಟು ನಿಮ್ಮ ಹೆಸರೂ ಕೆಡಿಸಿದೆ. ಮನಸಿನ್ಯಾಗ ಇಟ್ಕೋಬ್ಯಾಡ್ರಿ."

ಅವಳು ನನ್ನ ಕ್ಷಮೆ ಕೇಳುತ್ತಿದ್ದಳು. ನನ್ನ!

ಆ ನಾಲ್ಕು ಸಾಲನ್ನು ಊರೆಲ್ಲ ಮರೆತಿತ್ತು. ನಂಬಿ ಉಳಿದವಳು ಅವಳೊಬ್ಬಳೇ. ನನ್ನ ಪೊಳ್ಳು ಮಾತನ್ನು ಅವಳು ಸತ್ಯವೆಂದೇ ತೆಗೆದುಕೊಂಡು, ತಪ್ಪು ತನ್ನದೆಂದು ಹೊತ್ತು, ಯಾರಿಗೂ ಒಂದು ಹೂವು ಕೊಡದೆ ಬದುಕಿದ್ದಳು. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕಂಡಕ್ಟರ ಕೂಗಿದ. ನಾನು ಹೇಳಿದ್ದು:

"ಇರ್ಲಿ ಬಿಡ್ರಿ."

ಇರಲಿ ಬಿಡಿ — ಕ್ಷಮಿಸಿದವನ ಹಾಗೆ! ಬಸ್ಸು ಹತ್ತಿ ಕುಳಿತೆ. ಮೊದಲ ಸುಳ್ಳಿಗಿಂತ ಇದು ದೊಡ್ಡದು ಎಂದು ಹೊನವಾಡ ಬರುವುದರೊಳಗೇ ಗೊತ್ತಿತ್ತು. ಆದರೂ ತಿರುಗಿ ಹೋಗಲಿಲ್ಲ. ಸುದ್ದಿ ಬರೆದು ಊರಿಗೆ ಬಂದೆ.

ಇದನ್ನು ಅಚ್ಚಿಗೆ ಕೊಡುವ ಮೊದಲು ಟಿಕೋಟಾಕ್ಕೆ ಹೋಗಿ ಅವಳ ಎದುರು ಓದುತ್ತೇನೆ. ಅವಳು ಏನೆನ್ನುವಳೋ — ಏನೆಂದರೂ ನಿಂತು ಕೇಳುತ್ತೇನೆ.

ಶಾಂತಕ್ಕಾ, ನಿಮ್ಮ ಅವ್ವ ಹೇಳಿದ್ದೇ ಆ ಹೂವಿನ ಅರ್ಥ. ಬೇರೆ ಅರ್ಥ ಇರಲಿಲ್ಲ. ಅಂದು ನಾನು 'ಇರ್ಲಿ ಬಿಡ್ರಿ' ಎಂದದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಆ ಮಾತು ಆಡುವ ಹಕ್ಕು ನನ್ನದಾಗಿರಲಿಲ್ಲ.