ಬಾವಿಗೆ ಬಿದ್ದ ಔಷಧ

ವಾಚನಾಲಯದ ಈ ಫಲಕ ಓದುತ್ತಿರುವ ಯುವ ಗೆಳೆಯರಿಗೆ ಶರಣು. ಸುದ್ದಿ ಕೇಳಿದೊಡನೆ ಬಾವಿಗೆ ಕಾವಲು ಕುಳಿತ ನಮ್ಮೂರು ಪಾರಿಶ್ವಾಡದ ಹಿರಿಯರಿಗೆ ಕೃತಜ್ಞತೆಗಳು.

ಇಂದು ಬೆಳಿಗ್ಗೆ ಊರ ಬಾವಿಕಟ್ಟೆಯಲ್ಲಿ ಗಂಗವ್ವನವರು ಮೊಮ್ಮಗಳ ಬಾಯಿಗೆ ನೀರಿನ ತಂಬಿಗೆ ಹಿಡಿದಿದ್ದರು. ಮೂಗಿಗೆ ಅಡರಿದ ವಾಸನೆಗೆ ನಾನು ನಿಂತೆ.

"ಏನ ವಾಸನಿ ಇದು, ಗಂಗವ್ವಾರ?"

"ಔಷಧ ಬಿದ್ದೈತ್ರೀ ಮಾಸ್ತರ. ಔಷಧ ಬಿದ್ದ ನೀರ ಕುಡೀರಿ, ಬ್ಯಾನಿ ಬರೂದಿಲ್ಲ ಅಂತ ನೀವ ಹೇಳಿದ್ರೆಲ್ಲ!"

"ಹಾಕಿದವರು ಯಾರ್ರೀ?"

"ಬಾಜೂ ಮನಿ ಕಲ್ಲಪ್ಪ. ಮೆಣಸಿನ ಗಿಡಕ್ಕ ಹೊಡಿಯೂ ಪಂಪ ಇಲ್ಲೇ ತೊಳದ, ಉಳಿದಿದ್ದು ಬಾವ್ಯಾಗ ಹೋತು."

ತಂಬಿಗೆಯನ್ನು ಕಿತ್ತುಕೊಂಡು ಚೆಲ್ಲಿದೆ. ಮಗು ಬೆಚ್ಚಿ ಅತ್ತಿತು. ಅದರ ತುಟಿ ಇನ್ನೂ ಒಣಗಿಯೇ ಇತ್ತು; ಒಂದು ಗುಟುಕೂ ಒಳಗೆ ಹೋಗಿರಲಿಲ್ಲ.

ಕಲ್ಲಪ್ಪನನ್ನು ಕರೆಸಿ ವಿಷವೆಂದು ಗದರಿದರೆ ಅವನು ನನ್ನನ್ನೇ ಕೇಳಿದ: "ವಿಷ ಯಾಕ ಆಗ್ತೈತ್ರೀ? ಬೆಳಗಾವಿ ಅಂಗಡ್ಯಾಗ ಔಷಧ ಅಂತನ ಕೊಟ್ಟಾರ. ನಿಮ್ಮ ಬಿಳೇ ಪುಡಿ ಅಷ್ಟ ಔಷಧ ಏನು?"

ನೀರಿನ ರೋಗಾಣು ಕೊಲ್ಲಲು ನಾವು ಬಾವಿಗೆ ಹಾಕುವ ಪುಡಿಗೂ, ಬೆಳೆಯ ಹುಳು ಕೊಲ್ಲುವ ವಿಷಕ್ಕೂ ನಮ್ಮಲ್ಲಿ ಒಂದೇ ಹೆಸರು. ಊರಿಗೆ ಆರೋಗ್ಯ ಕಲಿಸಲು ಹೊರಟವರಿಗೆ ಇನ್ನೊಂದು ಪದ ಹೊಳೆದಿರಲಿಲ್ಲ!

ನಸುಕಿನಲ್ಲಿ ನೀರು ಒಯ್ದವರು ಯಾರೆಂದು ಯಾರಿಗೂ ತಿಳಿಯದು. ನಾನು ಮೇಲಿನ ಓಣಿಗೆ ಹೊರಟಿದ್ದೇನೆ. ಮಕ್ಕಳೇ, ನಿಮ್ಮ ಮೇಲೆ ನನಗೆ ಭರವಸೆಯಿದೆ: ಓದಿದ ಕೂಡಲೇ ಕೆಳಗಿನ ಓಣಿಗೆ ಓಡಿ. ಔಷಧ ಎನ್ನಬೇಡಿ, ವಿಷ ಎನ್ನಿ. ಮನೆಮನೆಯ ಕೊಡ ಚೆಲ್ಲಿಸಿ.