ಮಾರೆಪ್ಪ ಜ್ವರ ನೋಡಿದ ಕಂಪ್ಯೂಟರು

ಮಕ್ತಲಿನಲ್ಲಿ ಕಂಪ್ಯೂಟರ್ ಕೆಟ್ಟರೆ ಜನ ಮಾರೆಪ್ಪನನ್ನು ಕರೆಯಲು ಸ್ವಲ್ಪ ಹಿಂದೆಮುಂದೆ ನೋಡುತ್ತಾರೆ. ಕೆಲಸದಲ್ಲಿ ಕುಂದು ಹೇಳುವಂತಿಲ್ಲ, ಬಾಯಿಯದೇ ತಕರಾರು. ತಪ್ಪು ಯಾರದೆಂದು ಮುಖಕ್ಕೆ ಹೊಡೆದಂತೆ ಹೇಳಿಬಿಡುತ್ತಾನೆ. ಕೀಬೋರ್ಡಿಗೆ ಚಹಾ ಚೆಲ್ಲಿದ ಮೇಷ್ಟ್ರಿಗೆ, ಮಕ್ಕಳೆದುರೇ, "ಮನಿಯಾಗ ಕಪ್ಪಿನ ಕೆಳಗ ಇಡಾಕ ಬಶಿ ಇರಲಿಲ್ಲೇನ್ರಿ?" ಎಂದು ಕೇಳಿದವನು. ನನಗಂತೂ ಅವನ ಈ ಗುಣ ಬಲು ಇಷ್ಟ, ನನ್ನದು ಕೆಡುವ ತನಕ.

ದಸರೆಯ ಮರುದಿನ ಪಕ್ಕದ ಮನೆಯ ರಜಿತಾ ಅವನಿಗೆ ಫೋನ್ ಮಾಡಿದಳು. ಅವಳು ಕಂಪ್ಯೂಟರಿನಲ್ಲಿ ನಾರಾಯಣಪೇಟೆ ಸೀರೆಯ ಅಂಚಿನ ನಕ್ಷೆ ಬಿಡಿಸುತ್ತಾಳೆ. ಅಂದು ಮಧ್ಯಾಹ್ನ ಎರಡರೊಳಗೆ ಅವಳ ಮೊದಲ ಸ್ವಂತ ನಕ್ಷೆ ನೇಕಾರ ಆಂಜನೇಯುಲುಗೆ ತಲುಪಬೇಕಿತ್ತು. ಇಲ್ಲವಾದರೆ ಆತ ಮಗ್ಗಕ್ಕೆ ಹಳೆಯ ನಕ್ಷೆಯನ್ನೇ ಏರಿಸುತ್ತಿದ್ದ. ಕಂಪ್ಯೂಟರೋ, ಶುರುವಾದ ಐದೇ ನಿಮಿಷಕ್ಕೆ ಆರಿಹೋಗುತ್ತಿತ್ತು. ತಮಾಷೆ ನೋಡೋಣವೆಂದು ನಾನೂ ಹೋಗಿ ನಿಂತೆ.

ಮಾರೆಪ್ಪ ಬಂದಾಗ ಹನ್ನೆರಡಾಗಿತ್ತು. ಪರದೆ ತೊಂಬತ್ತೆಂಟು ಡಿಗ್ರಿ ತೋರಿಸಿ ಆರಿತು. ಅವನು ಪೆಟ್ಟಿಗೆಯ ತಗಡು ಬಿಚ್ಚಿ, ಮಗುವಿನ ಜ್ವರ ನೋಡುವಂತೆ ಒಳಗೆ ಕೈ ಇಟ್ಟ.

"ಮೈ ತಣ್ಣಗೈತಿ. ಬಿಸಿ ಅಳೆಯೋ ಸೆನ್ಸರ್ ಸುಳ್ಳ ಹೇಳಾಕತ್ತೈತಿ. ಅದನ್ನ ನಂಬಿ ಕಂಪ್ಯೂಟರ್ ಹೆದರಿ ಬಂದ್ ಆಗತೈತಿ," ಎಂದ.

ಟಾರ್ಚಿನ ಬೆಳಕು ಹಾಯಿಸಿದರೆ, ಸಾಸಿವೆಕಾಳಿನಷ್ಟಿದ್ದ ಆ ಸೆನ್ಸರಿನ ಸುತ್ತ ಇನ್ನೂ ಪಸೆ ಆರದ ಹಳದಿ ಕೆಸರು. ರಜಿತಾಳ ಅಜ್ಜಿ ಹಣಮಮ್ಮ ಆಯುಧಪೂಜೆಯಂದು ಪೆಟ್ಟಿಗೆಯ ಜಾಲರಿಯ ಮೇಲೆ ಮೈಲಾರನ ಭಂಡಾರದ ಅರಿಶಿನ ಎರಚಿ, ತೀರ್ಥವನ್ನೂ ಚಿಮುಕಿಸಿದ್ದಳು. ಮೊಮ್ಮಗಳ ಮೊದಲ ನಕ್ಷೆಗೆ ದೇವರ ಕೃಪೆ ಬೇಡವೇ?

ಮಾರೆಪ್ಪನೂ ಮೈಲಾರನ ಒಕ್ಕಲು. ಭಂಡಾರವನ್ನು ಊದಿ ನೆಲಕ್ಕೆ ಚೆಲ್ಲುವವನಲ್ಲ. ಮೆತ್ತನೆಯ ಬ್ರಷ್ಷಿನಿಂದ ಅದನ್ನು ಕಾಗದದ ಮೇಲೆ ತೆಗೆದುಕೊಂಡು, ಒಂದು ಚಿಟಿಕೆ ಹಣೆಗೆ ಹಚ್ಚಿಕೊಂಡ. ಆಮೇಲೆ ಸ್ಪಿರಿಟ್ ಹಾಕಿ ಒರೆಸಿ, ಚೆನ್ನಾಗಿ ಒಣಗಿಸಿ, ಸ್ವಿಚ್ಚು ಒತ್ತಿದ. ಮೂವತ್ತೊಂಬತ್ತು. ಕಾಲು ಗಂಟೆ ಕಾದರೂ ನಲವತ್ತೆರಡು ದಾಟಲಿಲ್ಲ. ಒಂದೂವರೆಗೆ ರಜಿತಾಳ ನಕ್ಷೆ ಆಂಜನೇಯುಲುವಿನ ಫೋನು ಮುಟ್ಟಿತು. ಅವಳು ಕುಣಿಯುವುದೊಂದು ಬಾಕಿ.

ಅಷ್ಟರಲ್ಲಿ ಹಣಮಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದಳು. "ಏನಾಗಿತ್ತಪಾ ಮಾರೆಪ್ಪ? ನನ್ನಿಂದ ಏನರ ಹೆಚ್ಚುಕಮ್ಮಿ ಆತೇನು?"

ಇವನ ಬಾಯಿ ಗೊತ್ತಿದ್ದ ನಾನು ಬಾಗಿಲ ಕಡೆ ಸರಿದೆ. ಮಾರೆಪ್ಪ ಮುದುಕಿಯ ಮುಖ ನೋಡಿದ, ಕೈಯಲ್ಲಿದ್ದ ಬ್ರಷ್ಷು ನೋಡಿದ.

"ಏನಿಲ್ಲ ಯವ್ವಾ. ಧೂಳ ಕುಂತಿತ್ತು."

ಹಣಮಮ್ಮ ಅವನ ಹಳದಿ ಹಣೆಯನ್ನೇ ನೋಡುತ್ತ ನಿಂತಳು. "ಧೂಳನ್ನ ಹಣಿಗಿ ಹಚ್ಕೊಂಡಿಯೇನೋ ನಮ್ಮಪ್ಪ? ಬರೋ ವರ್ಷ ಹೊರಗಷ್ಟ ಹಚ್ಚತೀನಿ ತಗೊ. ಕೈ ತೊಳಕೊಂಡು ಬಾ, ರೊಟ್ಟಿ ಆರತಾವ."